ಜೋಡಿ ಬತ್ತಿಯನ್ನು ಯಾರು ಕತ್ತರಿಸಬೇಕು

ನಮ್ಮದು ಮೇಣದಬತ್ತಿ ಮಾಡುವ ಮನೆ. ಕೆಳಗೆ ಅಂಗಡಿ, ಅದರ ಹಿಂದೆ ಕೆಲಸದ ಕೋಣೆ, ಮಹಡಿಯ ಮೇಲೆ ನಾವು. ಮದುವೆಯಾಗಿ ಬಂದ ಮೊದಲ ವಾರವೇ ನನ್ನ ಕೂದಲಿಗೆ ಮೇಣದ ವಾಸನೆ ಹತ್ತಿಕೊಂಡಿತು, ಇನ್ನೂ ಬಿಟ್ಟಿಲ್ಲ. ತವರಿನವರು ಬಂದಾಗಲೆಲ್ಲ ಮೂಗು ಮುರಿಯುತ್ತಾರೆ. ಮುರಿದುಕೊಳ್ಳಲಿ, ಅವರ ಮೂಗು ಅವರದು.

ಬತ್ತಿ ಮಾಡುವುದು ಹೇಗೆ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ರಾಮಾಯಣ ಅರ್ಥವಾಗುವುದಿಲ್ಲ. ಉದ್ದನೆಯ ದಾರವನ್ನು ಮಧ್ಯಕ್ಕೆ ಮಡಿಸಿ ಒಂದು ಕೋಲಿನ ಮೇಲೆ ಹಾಕುತ್ತೇವೆ. ಎರಡು ತುದಿಗಳು ಕೆಳಗೆ ಇಳಿಬೀಳುತ್ತವೆ. ಆ ಕೋಲನ್ನು ಹಿಡಿದು ಕರಗಿದ ಮೇಣದಲ್ಲಿ ಅದ್ದುವುದು, ಎತ್ತಿ ಆರಲು ಬಿಡುವುದು, ಮತ್ತೆ ಅದ್ದುವುದು. ಹೀಗೆ ಅದ್ದುತ್ತಾ ಹೋದರೆ ಎರಡೂ ತುದಿಗಳಲ್ಲಿ ಒಂದೊಂದು ಬತ್ತಿ ದಪ್ಪವಾಗುತ್ತಾ ಬರುತ್ತದೆ. ಮೇಲೆ ಮಾತ್ರ ಎರಡಕ್ಕೂ ಒಂದೇ ದಾರ. ಅದನ್ನೇ ಜೋಡಿ ಎನ್ನುತ್ತೇವೆ. ಕೊನೆಯಲ್ಲಿ ಆ ದಾರ ಕತ್ತರಿಸಿ ಬೇರೆ ಮಾಡುವ ಕೆಲಸ ಮಾವನದು.

ಎಲೆ ಉದುರುವ ಕಾಲದ ಹಬ್ಬ ಬಂತೆಂದರೆ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅವತ್ತು ಸಂಜೆ ಬೀದಿಯ ಎಲ್ಲ ಕಿಟಕಿಗಳಲ್ಲೂ ಬತ್ತಿ ಉರಿಯಬೇಕು. ಆ ವರ್ಷ ಸಾವು ಕಂಡ ಮನೆಗಳಿಗೆ ಮಾತ್ರ ನಾವು ಕತ್ತರಿಸದ ಜೋಡಿ ಕೊಡುತ್ತೇವೆ. ಮನೆಯವರೆಲ್ಲರ ಎದುರು ಒಬ್ಬರು ಅದನ್ನು ಕತ್ತರಿಸಬೇಕು. ಒಂದು ಬತ್ತಿ ಹೋದವರದು, ಅದನ್ನು ಹಚ್ಚಿ ಕಿಟಕಿಯಲ್ಲಿಟ್ಟರೆ ಉರಿದು ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ಇನ್ನೊಂದು ಉಳಿದವರದು. ಅದನ್ನು ಕತ್ತರಿಸಿದವರು ತಮ್ಮ ಕೋಣೆಯಲ್ಲಿ ಇಟ್ಟುಕೊಂಡು ಪ್ರತಿವರ್ಷ ಇದೇ ಹಬ್ಬಕ್ಕೆ ಸ್ವಲ್ಪ ಹೊತ್ತು ಹಚ್ಚಿ ಆರಿಸುತ್ತಾರೆ. ಆ ಬತ್ತಿ ಮನೆಯ ಹೊಸ್ತಿಲು ದಾಟಬಾರದು. ಹಾಗಾಗಿ ಅದು ಯಾರ ಕೋಣೆಯಲ್ಲಿರುತ್ತದೋ ಅವರಿಗೆ ಆ ಮನೆಯಲ್ಲಿ ಜಾಗ ಖಾಯಂ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಈ ವರ್ಷ ಜೋಡಿ ನಮ್ಮ ಮನೆಗೇ ಬೇಕಾಯಿತು.

ನನ್ನ ಮೈದುನ ಬೇಸಿಗೆಯಲ್ಲಿ ಹೋದ. ಜ್ವರ ಎಂದು ಮಲಗಿದವನು ಏಳಲೇ ಇಲ್ಲ. ಅವನಿದ್ದಾಗ ಕೆಲಸದ ಕೋಣೆಯಲ್ಲಿ ನಗು ನಿಲ್ಲುತ್ತಿರಲಿಲ್ಲ. 'ಈ ಬತ್ತಿ ಹಚ್ಚಿದ್ರೆ ಹೆಂಡತಿ ಬೈಯೋದಿಲ್ಲ' ಎಂದು ಗಿರಾಕಿಗಳಿಗೆ ಹೇಳಿ ಮಾರುತ್ತಿದ್ದ. ಮರುದಿನ ಯಾರಾದರೂ ಬಂದು 'ಬೈದಳಪ್ಪಾ' ಎಂದರೆ, 'ಹಾಗಾದ್ರೆ ನೀವು ತಲೆಕೆಳಗೆ ಹಚ್ಚಿರ್ಬೇಕು' ಎನ್ನುತ್ತಿದ್ದ. ಅವನ ಹೆಂಡತಿಯನ್ನು ನಾನು ಗುಬ್ಬಿ ಎಂದು ಕರೆಯುತ್ತೇನೆ. ತಿನ್ನುವುದು ಗುಬ್ಬಿಯಷ್ಟು, ಮಾತಾಡುವುದು ಅದಕ್ಕಿಂತ ಕಡಿಮೆ. ಮಕ್ಕಳಾಗಿರಲಿಲ್ಲ. ಅವನು ಹೋದ ಮೇಲೆ ಅವಳು ಬೆಳಿಗ್ಗೆ ಬೇಗ ಎದ್ದು ಮೇಣ ಕರಗಿಸುತ್ತಿದ್ದಳು, ಪಾತ್ರೆ ತಿಕ್ಕುತ್ತಿದ್ದಳು, ಕರೆದರೆ ಬರುತ್ತಿದ್ದಳು. ಕರೆಯದಿದ್ದರೆ ತನ್ನ ಕೋಣೆಯಲ್ಲಿ ಕೂತಿರುತ್ತಿದ್ದಳು.

ಅತ್ತೆಗೂ ಅವಳಿಗೂ ಜಗಳವೇನೂ ಇರಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು, ನಾನು ಮಧ್ಯೆ ನಿಂತು ಇಬ್ಬರಿಗೂ ಬೈದು ಮುಗಿಸುತ್ತಿದ್ದೆ. ಮೌನಕ್ಕೆ ಏನಂತ ಬೈಯುವುದು? ಅತ್ತೆ ಒಂದು ಕಡೆ ಅಳುತ್ತಿದ್ದರು, ಗುಬ್ಬಿ ಇನ್ನೊಂದು ಕಡೆ. ನಾನು ಇಬ್ಬರಿಗೂ ಬೇರೆ ಬೇರೆ ಕಾಫಿ ತೆಗೆದುಕೊಂಡು ಹೋಗಿ ಮೆಟ್ಟಿಲು ಹತ್ತಿ ಇಳಿದು ಮಂಡಿ ನೋಯಿಸಿಕೊಂಡೆ.

ಹಬ್ಬ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅತ್ತೆ ಊಟಕ್ಕೆ ಕೂತವರು, "ಜೋಡಿ ನಾನೇ ಕತ್ತರಿಸ್ತೀನಿ. ಹೆತ್ತವಳು ನಾನು" ಎಂದರು.

ಗುಬ್ಬಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅತ್ತೆ, ಅದು ನಾನು ಕತ್ತರಿಸ್ಬೇಕು ಅಂತ ಇದ್ದೆ" ಎಂದಳು.

ಅವಳ ಬಾಯಿಂದ ಇಷ್ಟುದ್ದದ ಮಾತು ಬಂದಿದ್ದೇ ದೊಡ್ಡದು. ಅತ್ತೆ ಅನ್ನ ಕಲೆಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. "ನೀನು ಚಿಕ್ಕವಳು, ನಿನ್ನ ಮುಂದೆ ಇನ್ನೂ ಜೀವನ ಇದೆ. ನನಗೆ ಇನ್ನೇನಿದೆ?" ಎಂದರು. ಸಿಟ್ಟಿನ ಮಾತಲ್ಲ ಅದು. ಆದರೆ ಗುಬ್ಬಿಯ ಮುಖ ಸುಣ್ಣ ಬಳಿದ ಹಾಗಾಯಿತು. ಅವಳಿಗೆ ಕೇಳಿಸಿದ್ದು, ನಿನಗೆ ಇಲ್ಲೇನು ಕೆಲಸ ಎಂದು.

ಅವತ್ತು ಸಂಜೆ ಅವಳು ಬಟ್ಟೆ ಮಡಿಸುತ್ತಾ ನನಗೆ ಹೇಳಿದಳು: "ಅಕ್ಕ, ಹಬ್ಬದ ದಿನ ಅಣ್ಣ ವ್ಯಾನ್ ತಗೊಂಡು ಬರ್ತಾನಂತೆ. ಅತ್ತೆ ಕತ್ತರಿಸಿದ್ರೆ ನಾನು ಅವನ ಜೊತೆ ಹೊರಟುಬಿಡ್ತೀನಿ. ಬೇಜಾರು ಮಾಡ್ಕೋಬೇಡ. ಅವರ ಮಗನ ಬತ್ತಿ ಅವರ ಕೋಣೇಲಿರುತ್ತೆ, ನಾನು ಈ ಮನೇಲಿ ಯಾವ ಲೆಕ್ಕ?"

"ನಾನಿಲ್ವಾ?" ಎಂದೆ.

"ನೀನಿದ್ದೀಯ. ನೀನು ನನ್ನನ್ನ ಎಷ್ಟು ದಿನ ಅಂತ ಹೊತ್ಕೊಂಡು ತಿರುಗ್ತೀಯ?"

ಮುಚ್ಚುಮರೆ ಯಾಕೆ, ಈ ಮನೆಯಲ್ಲಿ ನನಗಿರುವ ಒಬ್ಬಳೇ ಗೆಳತಿ ಅವಳು. ನಾನು ಹತ್ತು ಮಾತಾಡಿದರೆ ಅವಳು ಒಂದು ಸಲ ನಗುತ್ತಾಳೆ, ಆ ಒಂದು ನಗುವಿಗಾಗಿ ನಾನು ಹತ್ತು ಮಾತಾಡುತ್ತೇನೆ. ಅವಳು ಹೋದರೆ ನಾನು ಮೇಣದ ಹಂಡೆಯ ಜೊತೆ ಮಾತಾಡಬೇಕು. ನನ್ನ ಗಂಡನ ಜೊತೆ ಮಾತಾಡುವುದಕ್ಕಿಂತ ಅದೇ ವಾಸಿ. ಈ ವಿಷಯ ಅವರಿಗೆ ಹೇಳಿದರೆ, "ನನ್ನನ್ನ ಮಧ್ಯೆ ಎಳೀಬೇಡ ಮಾರಾಯ್ತಿ, ಒಂದು ಕಡೆ ತಾಯಿ, ಒಂದು ಕಡೆ ತಮ್ಮನ ಹೆಂಡತಿ" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು. ಬೆಳಿಗ್ಗೆ ತಾನೇ ಸ್ನಾನ ಮಾಡಿದ್ದರು.

ಸರಿ, ಇದನ್ನು ನಾನೇ ಬಗೆಹರಿಸುತ್ತೇನೆ ಎಂದುಕೊಂಡೆ. ಈ ಪದ್ಧತಿ ಎಲ್ಲಿಂದ ಬಂತು ಎಂದು ತಿಳಿದರೆ ಯಾರು ಕತ್ತರಿಸಬೇಕು ಎನ್ನುವುದೂ ತಿಳಿಯುತ್ತದಲ್ಲ? ಹೆಂಡತಿಯೇ ಕತ್ತರಿಸಬೇಕು ಎಂದು ಯಾರಾದರೂ ದೊಡ್ಡವರು ಹೇಳಿಬಿಟ್ಟರೆ ಅತ್ತೆ ಎದುರಾಡುವುದಿಲ್ಲ. ಮರುದಿನವೇ ಪ್ರಾರ್ಥನಾ ಮಂದಿರದ ಗುರುಗಳ ಹತ್ತಿರ ಹೋದೆ.

ಗುರುಗಳು ಅಂಗಳದಲ್ಲಿ ಉದುರಿದ ಎಲೆ ಗುಡಿಸುತ್ತಿದ್ದರು. ಒಂದು ಕಡೆ ಗುಡ್ಡೆ ಹಾಕಿದರೆ ಗಾಳಿ ಇನ್ನೊಂದು ಕಡೆಗೆ ಒಯ್ಯುತ್ತಿತ್ತು. ನಾನು ಬಂದದ್ದು ಅವರಿಗೆ ಪೊರಕೆ ಕೆಳಗಿಡಲು ಒಂದು ನೆಪವಾಯಿತು.

"ನಿಜ ಹೇಳ್ಬೇಕು ಅಂದ್ರೆ ಅಮ್ಮ, ನಮ್ಮ ಧರ್ಮಗ್ರಂಥದಲ್ಲಿ ಜೋಡಿ ಬತ್ತಿಯ ಸುದ್ದಿಯೇ ಇಲ್ಲ" ಎಂದರು. "ಇದು ನಮಗಿಂತ ಹಳೇದು. ಹಿಂದೆ ಈ ಕಾಲಕ್ಕೆ ಕುಯ್ಲು ಮುಗೀತಿತ್ತು. ದನಕರುಗಳನ್ನ ಬಯಲಿಂದ ಕೊಟ್ಟಿಗೆಗೆ ತರ್ತಿದ್ರು. ಹಗಲು ಚಿಕ್ಕದಾಗ್ತಿತ್ತು. ಎಲ್ಲರೂ ಮನೆ ಸೇರೋ ಹೊತ್ತಿನಲ್ಲಿ ಸತ್ತವರೂ ಮನೆ ಹುಡುಕಿಕೊಂಡು ಬರ್ತಾರೆ ಅಂತ ಜನ ನಂಬಿದ್ರು. ಅವರಿಗೆ ದಾರಿ ಕಾಣ್ಲಿ ಅಂತ ಗುಡ್ಡದ ಮೇಲೆ ದೊಡ್ಡ ಬೆಂಕಿ ಹಾಕ್ತಿದ್ರು. ಆಮೇಲೆ ನಮ್ಮ ಧರ್ಮದ ಹಿರಿಯರು ಬಂದ್ರು. ಬೆಂಕಿ ಹಾಕ್ಬೇಡಿ ಅಂದ್ರು. ಯಾರು ಕೇಳ್ತಾರೆ? ಕೊನೆಗೆ, ಆಯ್ತು ಹಾಕಿ, ಆದ್ರೆ ಸಣ್ಣದಾಗಿ ಹಾಕಿ, ಕಿಟಕೀಲಿ ಹಾಕಿ, ಜೊತೆಗೆ ಒಂದು ಪ್ರಾರ್ಥನೆ ಹೇಳಿ ಅಂತ ರಾಜಿ ಮಾಡ್ಕೊಂಡ್ರು. ಗುಡ್ಡದ ಬೆಂಕೀನ ಕಿಟಕಿಗೆ ತಂದು ಕೂರಿಸಿದ್ದೇ ನಮ್ಮ ಸಾಧನೆ."

"ಜೋಡಿ ಯಾಕೆ ಬಂತು?"

"ಒಂದು ಈ ಲೋಕ, ಒಂದು ಆ ಲೋಕ. ಮಧ್ಯದಲ್ಲಿ ದಾರ. ಹಾಗಂತ ನಾವು ಉಪದೇಶ ಮಾಡ್ತೀವಿ. ಚೆನ್ನಾಗಿದೆ ಅಲ್ವಾ?"

ಚೆನ್ನಾಗಿತ್ತು, ಆದರೆ ನಾನು ಹೋದದ್ದು ಅದಕ್ಕಲ್ಲ. "ಹಾಗಾದ್ರೆ ಯಾರು ಕತ್ತರಿಸ್ಬೇಕು? ತಾಯಿಯಾ, ಹೆಂಡತಿಯಾ?"

ಗುರುಗಳು ಮತ್ತೆ ಪೊರಕೆ ಎತ್ತಿಕೊಂಡರು. "ಅದು ಮನೆಯವರ ಪ್ರೀತಿಗೆ ಬಿಟ್ಟಿದ್ದು ಅಮ್ಮ. ತಾಯಿಯ ಸ್ಥಾನ ದೊಡ್ಡದು. ಹೆಂಡತಿಯ ಸ್ಥಾನವೂ ಸಣ್ಣದಲ್ಲ." ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದೇ. ಅಷ್ಟು ಹೇಳಲು ನನ್ನ ಗಂಡನೇ ಸಾಕಿತ್ತು.

ಅಲ್ಲಿಂದ ನೇರ ಸೂಲಗಿತ್ತಿ ಅಜ್ಜಿಯ ಮನೆಗೆ ಹೋದೆ. ನಮ್ಮ ಬೀದಿಯಲ್ಲಿ ಹಲ್ಲಿರುವವರು, ಹಲ್ಲು ಬಿದ್ದವರು ಅರ್ಧಕ್ಕರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಈಗ ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರೆ, ಅವಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗಿಬರುವವರ ನಡಿಗೆ ನೋಡಿ ಯಾರಿಗೆ ಎಷ್ಟನೇ ತಿಂಗಳು ಎಂದು ಹೇಳುತ್ತಾಳೆ. ನನ್ನನ್ನು ನೋಡಿ, "ನಿನಗೇನೂ ಇಲ್ಲ, ಬರೀ ಕೊಬ್ಬು" ಎಂದಳು. ನಾನು ಅದನ್ನು ಹೊಟ್ಟೆಗೆ ಹಾಕಿಕೊಂಡು ವಿಷಯ ಹೇಳಿದೆ.

"ಗುರುಗಳಿಗೇನು ಗೊತ್ತು ತಲೆ" ಎಂದಳು ಅಜ್ಜಿ. "ಲೋಕವೂ ಇಲ್ಲ, ಗೀಕವೂ ಇಲ್ಲ. ಅದು ಹೊಕ್ಕುಳಬಳ್ಳಿ. ಹುಟ್ಟುವಾಗ ಬಳ್ಳಿ ಕತ್ತರಿಸಿ ತಾಯಿಂದ ಬೇರೆ ಮಾಡ್ತೀವಿ. ಆಗಲೇ ಮಗು ಈ ಕಡೆಯವನಾಗೋದು. ಸತ್ತ ಮೇಲೂ ಒಂದು ದಾರ ಕತ್ತರಿಸಿದ್ರೇನೇ ಆ ಕಡೆಯವನಾಗೋದು. ಇಲ್ಲ ಅಂದ್ರೆ ಪಾಪ, ಬಾಗಿಲಲ್ಲೇ ನಿಂತಿರ್ತಾನೆ, ಒಳಗೂ ಬರೋಹಾಗಿಲ್ಲ, ಹೊರಗೂ ಹೋಗೋಹಾಗಿಲ್ಲ."

ಹೊಕ್ಕುಳಬಳ್ಳಿ ಎಂದ ಮೇಲೆ ತಾಯಿಯೇ ಗೆದ್ದ ಹಾಗಲ್ಲವೇ? "ಹಾಗಾದ್ರೆ ಅತ್ತೆಯೇ ಕತ್ತರಿಸ್ಬೇಕಾ ಅಜ್ಜಿ?"

"ಯಾವಳಾದ್ರೂ ತಾಯಿ ತನ್ನ ಬಳ್ಳಿ ತಾನೇ ಕತ್ತರಿಸ್ಕೋತಾಳಾ? ಕತ್ತರಿಸೋದು ಸೂಲಗಿತ್ತಿ. ನಮ್ಮಜ್ಜಿ ಕಾಲದಲ್ಲಿ ಹಬ್ಬದ ದಿನ ಸೂಲಗಿತ್ತೀನ ಮನೆಮನೆಗೆ ಕರೆಸ್ತಿದ್ರು. ಆಮೇಲೆ ಜನ ಜಾಣರಾದ್ರು, ತಾವೇ ಕತ್ತರಿಸ್ಕೊಂಡ್ರು. ನಿನ್ನ ಮೈದುನನ ಬಳ್ಳಿ ಕತ್ತರಿಸಿದ್ದು ಈ ಕೈಯೇ. ಕರೆದ್ರೆ ಬರ್ತೀನಿ, ನನ್ನ ಕತ್ತರಿ ಇನ್ನೂ ಹರಿತವಾಗಿದೆ."

ಇಬ್ಬರಿದ್ದರು, ಮೂವರಾದರು. ನಾನು ಹಣೆ ಚಚ್ಚಿಕೊಂಡು ಮನೆಗೆ ಬಂದೆ.

ಕೆಲಸದ ಕೋಣೆಯಲ್ಲಿ ಮಾವ ಒಬ್ಬರೇ ಇದ್ದರು. ಮಾವನ ವಿಷಯ ಹೆಚ್ಚೇನೂ ಹೇಳುವುದಕ್ಕಿಲ್ಲ, ಅವರು ಹೇಳಲು ಬಿಡುವುದಿಲ್ಲ. ಬೆಳಿಗ್ಗೆ ಹಂಡೆಯ ಮುಂದೆ ನಿಂತರೆ ಸಂಜೆ ಬೆಂಕಿ ಆರಿದ ಮೇಲೆಯೇ ಕೂರುವುದು. ಮಗ ತೀರಿಕೊಂಡ ವಾರವೂ ಹಾಗೇ ನಿಂತರು. ಬೀದಿಯವರು ಗಟ್ಟಿ ಜೀವ ಎಂದರು, ನಾನೂ ಹಾಗೇ ಅಂದುಕೊಂಡೆ. ಅವರು ಆಗ ಒಂದೇ ಒಂದು ಜೋಡಿ ನೇತಾಡುತ್ತಿದ್ದ ಕೋಲನ್ನು ಹಿಡಿದು ಅದ್ದುತ್ತಿದ್ದರು. ನಮ್ಮ ಮನೆಯ ಜೋಡಿ ಎಂದು ನೋಡಿದ ತಕ್ಷಣ ಗೊತ್ತಾಯಿತು, ಮಾರುವ ಜೋಡಿಗಳನ್ನು ಯಾರೂ ಒಂದೊಂದಾಗಿ ಅದ್ದುವುದಿಲ್ಲ.

"ಮಾವ, ಜೋಡಿ ಕೊಡೋ ಪದ್ಧತಿ ಯಾಕೆ ಬಂತು ಅಂತ ನಿಮಗೆ ಗೊತ್ತಾ?"

"ಇಲಿ" ಎಂದರು.

"ಏನು?"

"ಹಿಂದೆ ಬತ್ತಿ ಮಾಡ್ತಿದ್ದಿದ್ದು ಮೇಣದಲ್ಲಲ್ಲ, ಕೊಬ್ಬಿನಲ್ಲಿ. ಪೆಟ್ಟಿಗೇಲಿಟ್ರೆ ಇಲಿ ತಿಂದುಹಾಕೋದು. ಅದಕ್ಕೆ ಕತ್ತರಿಸದೆ ಜೋಡಿಯಾಗೇ ಮೊಳೆಗೆ ನೇತುಹಾಕ್ತಿದ್ರು. ಹಬ್ಬದ ದಿನ ಅಂಗಡೀಲಿ ನೂಕುನುಗ್ಗಲು. ಕತ್ತರಿಸಿ ಕೊಡೋಕೆ ಪುರಸೊತ್ತಿರಲಿಲ್ಲ, ಮನೇಲಿ ನೀವೇ ಕತ್ತರಿಸ್ಕೊಳ್ಳಿ ಅಂತ ಕೊಟ್ಟು ಕಳಿಸ್ತಿದ್ರು. ನಮ್ಮ ತಾತ ಹೇಳ್ತಿದ್ದ."

ಆ ಲೋಕ, ಈ ಲೋಕ, ಹೊಕ್ಕುಳಬಳ್ಳಿ, ಎಲ್ಲ ಬಿಟ್ಟು ಕೊನೆಗೆ ಇಲಿ. ಬೇಸಿಗೆ ಕಳೆದ ಮೇಲೆ ಮೊದಲ ಸಲ ನಾನು ಬಾಯಿ ತುಂಬ ನಕ್ಕೆ. ಮಾವನೂ ನಗುತ್ತಾರೆ ಅಂದುಕೊಂಡಿದ್ದೆ. ಅವರು ಕೋಲನ್ನು ಎತ್ತಿ, ಮೇಣ ತೊಟ್ಟಿಕ್ಕುವುದು ನಿಲ್ಲುವ ತನಕ ನೋಡಿ, ಮತ್ತೆ ಅದ್ದಿದರು. ಬತ್ತಿಗಳು ಆಗಲೇ ಹೆಬ್ಬೆರಳಿನಷ್ಟು ದಪ್ಪವಾಗಿದ್ದವು.

"ಸಾಕು ಮಾವ, ತುಂಬಾ ದಪ್ಪ ಆಯ್ತು. ಕಿಟಕೀಲಿ ಬತ್ತಿ ಕೂರಿಸೋ ಕುಳೀಲಿ ಹಿಡಿಸಲ್ಲ."

"ಇನ್ನೊಂದು ಸಲ" ಎಂದರು.

ನಾನು ಅತ್ತೆ ಮತ್ತು ಗುಬ್ಬಿಯ ಕಥೆ ತೆಗೆದೆ, ನೀವಾದರೂ ಅತ್ತೆಗೆ ಒಂದು ಮಾತು ಹೇಳಿ ಎಂದೆ. ಅವರು ಒಲೆಯ ಉರಿ ತಗ್ಗಿಸಲು ಬಗ್ಗಿದರು. "ಗಿರಾಕಿ ಬಂದಿರ್ಬೇಕು ನೋಡು" ಎಂದರು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಈ ಮನೆಯ ಗಂಡಸರೆಲ್ಲ ಒಂದೇ ಅಚ್ಚು ಎಂದು ಗೊಣಗಿಕೊಂಡು ಮೆಟ್ಟಿಲು ಹತ್ತಿದೆ.

ಹಬ್ಬದ ದಿನ ಮಧ್ಯಾಹ್ನದ ತನಕ ವ್ಯಾಪಾರ. ಮಾವ ಒಂದರ ಹಿಂದೆ ಒಂದು ಜೋಡಿ ಎತ್ತುತ್ತಿದ್ದರು, ಕತ್ತರಿಸುತ್ತಿದ್ದರು, ನನ್ನ ಗಂಡ ಕಾಗದದಲ್ಲಿ ಸುತ್ತುತ್ತಿದ್ದರು, ನಾನು ಗಿರಾಕಿಗಳಿಗೆ ಕೊಡುತ್ತಿದ್ದೆ. ಗುಬ್ಬಿ ಕೆಳಗೆ ಬರಲಿಲ್ಲ. ಮೇಲೆ ಹೋಗಿ ನೋಡಿದರೆ ಅವಳ ಕೋಣೆಯಲ್ಲಿ ಪೆಟ್ಟಿಗೆ ಕಟ್ಟಿ ಆಗಿತ್ತು. ಮೈದುನನ ಅಂಗಿಗಳನ್ನು ಮಾತ್ರ ಮಂಚದ ಮೇಲೆ ಹರಡಿಕೊಂಡು, ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು ತಿಳಿಯದೆ ಕೂತಿದ್ದಳು.

"ಅತ್ತೇನ ಒಂದು ಸಲ ಬಾಯಿಬಿಟ್ಟು ಕೇಳು" ಎಂದೆ. "ನಾನು ಇರ್ಲಾ ಅಂತ ಕೇಳು."

"ಇರು ಅಂತ ಅವರು ಹೇಳ್ಬೇಕು ಅಕ್ಕ. ಇರ್ಲಾ ಅಂತ ನಾನು ಕೇಳೋದಲ್ಲ."

ಇವಳಿಗೂ ಹಟ, ಅವರಿಗೂ ಹಟ. ಅತ್ತೆಯ ಕೋಣೆಗೆ ಹೋದರೆ ಅತ್ತೆ ಮಗನ ಚಿಕ್ಕಂದಿನ ಫೋಟೋ ಒರೆಸುತ್ತಿದ್ದರು. ಗುಬ್ಬಿ ಹೊರಟಿದ್ದಾಳೆ ಎಂದೆ. "ಅಣ್ಣನ ಮನೇಲಿ ಅವಳ ವಯಸ್ಸಿನವರು ಇದ್ದಾರೆ. ಇಲ್ಲಿ ಈ ಅಳುಮುಂಜಿ ಮುದುಕಿ ಜೊತೆ ಅವಳಿಗೆ ಯಾಕೆ ಬೇಕು?" ಎಂದರು. ಅವರು ನಿಜವಾಗಿಯೂ ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದರು. ಅದೇ ನನಗೆ ಇನ್ನೂ ಸಂಕಟ. ಈ ಮಾತನ್ನು ಅವಳಿಗೆ ಹೇಳಿ ಎಂದರೆ ಫೋಟೋದ ಕಡೆ ತಿರುಗಿಕೊಂಡರು.

ಸಂಜೆಯಾಯಿತು. ಅಂಗಡಿಯ ಬಾಗಿಲು ಹಾಕಿ, ಕೆಲಸದ ಕೋಣೆಯ ದೊಡ್ಡ ಮೇಜನ್ನು ಕೆರೆದು ಒರೆಸಿ, ಎಲ್ಲರೂ ಅಲ್ಲೇ ಸೇರಿದೆವು. ಜೋಡಿ ಹಂಡೆಯ ಮೇಲಿನ ಕೋಲಿನಲ್ಲಿ ನೇತಾಡುತ್ತಿತ್ತು. ಅತ್ತೆ ಮೇಜಿನ ಆ ಕಡೆ, ಗುಬ್ಬಿ ಈ ಕಡೆ. ಅತ್ತೆ ತಮ್ಮ ಹೊಲಿಗೆ ಕತ್ತರಿ ತಂದಿದ್ದರು. ಗುಬ್ಬಿಯ ಕೈ ಖಾಲಿ ಇತ್ತು. ಅವಳ ಅಣ್ಣ ವ್ಯಾನನ್ನು ಬೀದಿಯಲ್ಲಿ ನಿಲ್ಲಿಸಿ ಒಳಗೆ ಬಂದು ಗೋಡೆಗೆ ಒರಗಿ ನಿಂತ. ಒಳ್ಳೆಯ ಮನುಷ್ಯ, ಎಲ್ಲಿ ನಿಂತರೂ ದಾರಿಗೆ ಅಡ್ಡವಾಗುತ್ತೇನೋ ಎಂದು ಸರಿದು ಸರಿದು ಮೂಲೆ ಸೇರಿದ್ದ. ಅಷ್ಟರಲ್ಲಿ ಕೋಲೂರಿಕೊಂಡು ಸೂಲಗಿತ್ತಿ ಅಜ್ಜಿಯೂ ಬಂದಳು, ಕರೆಯದೆಯೇ. ಸೆರಗಿನ ಗಂಟಿನಲ್ಲಿ ಕತ್ತರಿ ಇತ್ತು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಅತ್ತೆ ಒಂದು ಹೆಜ್ಜೆ ಮುಂದೆ ಬಂದರು. ಗುಬ್ಬಿ ಹಿಂದೆ ಸರಿದಳು. ಅವಳು ಸರಿದದ್ದು ನೋಡಿ ನನಗೆ ಎಲ್ಲ ಮುಗಿಯಿತು ಎನ್ನಿಸಿತು. ತಡೆಯಲಾರದೆ, "ಅತ್ತೆ, ಒಂದು ನಿಮಿಷ" ಎಂದೆ. ಆ ಒಂದು ನಿಮಿಷದಲ್ಲಿ ಏನು ಹೇಳುವುದು ಎಂದು ನನಗೇ ಗೊತ್ತಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

ಮಾವ ಕೈ ಚಾಚಿ ಕೋಲಿನಿಂದ ಜೋಡಿಯನ್ನು ಇಳಿಸಿದರು. ಮೇಜಿನ ಮೇಲಿಡಲು ಇಳಿಸುತ್ತಿದ್ದಾರೆ ಅಂದುಕೊಂಡೆವು. ಎಡಗೈಯಲ್ಲಿ ಅದನ್ನು ಕಣ್ಣಿನ ಎತ್ತರಕ್ಕೆ ಎತ್ತಿ ಹಿಡಿದರು, ಬೆಳಗ್ಗೆಯಿಂದ ಎತ್ತಿ ಹಿಡಿದ ಹಾಗೆಯೇ. ಬಲಗೈ ಜೇಬಿಗೆ ಹೋಯಿತು. ಕತ್ತರಿ ಬಂತು. ಕಚಕ್ ಎಂದಿತು.

ಒಂದು ಬತ್ತಿ ಅವರ ಕೈಯಲ್ಲಿ ಉಳಿಯಿತು, ಇನ್ನೊಂದು ಮೇಜಿನ ಮೇಲೆ ಬಿತ್ತು.

ನನ್ನ ಗಂಡ "ಅಪ್ಪಾ" ಎಂದರು. ಅಜ್ಜಿ ತನ್ನ ಗಂಟನ್ನು ಬಿಚ್ಚುತ್ತಿದ್ದವಳು ಹಾಗೇ ನಿಂತಳು. ಮಾವ ತಮ್ಮ ಕೈಗಳನ್ನು ಇನ್ನಾರದೋ ಕೈ ಎನ್ನುವ ಹಾಗೆ ನೋಡುತ್ತಿದ್ದರು.

"ಏನು ಮಾಡಿದ್ರಿ ನೀವು?" ಎಂದರು ಅತ್ತೆ.

"ಕೈ" ಎಂದರು ಮಾವ. "ಅಭ್ಯಾಸ."

"ಮಗನ ಬತ್ತಿಗೂ ಅಂಗಡಿ ಅಭ್ಯಾಸವಾ? ಅವನು ಹೋದ ವಾರವೂ ನೀವು ಹಂಡೆ ಬಿಟ್ಟು ಕದಲಲಿಲ್ಲ. ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ. ಇವತ್ತಾದ್ರೂ ಸುಮ್ಮನಿರೋಕಾಗ್ಲಿಲ್ವಾ?"

ಮಾವ ಕತ್ತರಿಯನ್ನು ಮೇಜಿನ ಮೇಲಿಟ್ಟರು. ಬೀಳಬಾರದೆಂದು ಇನ್ನೊಂದು ಸಲ ಒಳಕ್ಕೆ ಸರಿಸಿದರು. ಆಮೇಲೆ ಯಾರನ್ನೂ ನೋಡದೆ ಮಾತಾಡಿದರು. ಅಷ್ಟು ಮಾತನ್ನು ನಾನು ಅವರ ಬಾಯಿಂದ ಅದುವರೆಗೆ ಕೇಳಿರಲಿಲ್ಲ.

"ಹಬ್ಬ ಹತ್ತಿರ ಬಂದಾಗಿಂದ ಕೇಳ್ತಾ ಇದೀನಿ. ತಾಯಿ ಕತ್ತರಿಸ್ಬೇಕಾ, ಹೆಂಡತಿ ಕತ್ತರಿಸ್ಬೇಕಾ. ಗುರುಗಳನ್ನ ಕೇಳಿದ್ರಿ, ಅಜ್ಜೀನ ಕೇಳಿದ್ರಿ. ಅಪ್ಪ ಅನ್ನೋನು ಒಬ್ಬ ಇದಾನೆ ಅಂತ ಯಾರಿಗಾದ್ರೂ ನೆನಪಾಯ್ತಾ? ಬೆಳಿಗ್ಗೆ ಎದ್ದು ನಾನು ಹಂಡೆ ಮುಂದೆ ನಿಂತ್ರೆ ಅವನು ನನ್ನ ಪಕ್ಕ ನಿಂತಿರ್ತಿದ್ದ. ಅವನ ಜಾಗ ಅದು. ನಾನು ಅಲ್ಲಿಂದ ಕದಲಿದ್ರೆ ಅವನ ಪಕ್ಕ ಯಾರಿರ್ತಾರೆ?"

ಅವರು ಅತ್ತರು. ಅಳುವುದು ಹೇಗೆಂದು ಗೊತ್ತಿಲ್ಲದವರ ಅಳು ಅದು, ಕೆಮ್ಮಿನ ಹಾಗೆ ಬರುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವತ್ತು ಇಲಿಯ ಕಥೆ ಕೇಳಿ ನಕ್ಕು, ಇನ್ನೊಂದು ಸಲ ಎಂದವರಿಗೆ ಸಾಕು ಸಾಕು ಎಂದಿದ್ದೆನಲ್ಲ. ಬೀದಿಯ ಮೂಲೆ ಮೂಲೆ ಸುತ್ತಿ ಎಲ್ಲರನ್ನೂ ಕೇಳಿ ಬಂದವಳು, ಎದುರಿಗೇ ಮಗನ ಬತ್ತಿ ಅದ್ದುತ್ತಾ ನಿಂತವರನ್ನು ನಿಮಗೇನು ಬೇಕು ಎಂದು ಕೇಳಲಿಲ್ಲ. ಅವರು ಕತ್ತರಿಸಿದ್ದು ಅಭ್ಯಾಸದಿಂದಲೋ ಬೇಕೆಂದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲವೇನೋ.

ಮೊದಲು ಕದಲಿದ್ದು ಅತ್ತೆ. ಮೇಜು ಬಳಸಿಕೊಂಡು ಹೋಗಿ ಮಾವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದರು, ತಾವೂ ಪಕ್ಕದಲ್ಲಿ ಕೂತರು. "ನನಗೆ ಹೊಳೀಲಿಲ್ಲ ರೀ" ಎಂದರು. "ನನ್ನದೇ ನನಗೆ ಸಾಕಾಗಿತ್ತು." ತಮ್ಮ ಸೆರಗಿನಿಂದ ಅವರ ಮುಖ ಒರೆಸಿದರು.

ಅಜ್ಜಿ ತನ್ನ ಕತ್ತರಿಯ ಗಂಟನ್ನು ಮತ್ತೆ ಬಿಗಿ ಮಾಡಿದಳು. "ಸರಿಯಾಗೇ ಕತ್ತರಿಸಿದಾನೆ" ಎಂದಳು. "ಈಗ ಹಚ್ರಪ್ಪ, ಕತ್ತಲಾಯ್ತು."

ಮಾವ ಎದ್ದು ತಮ್ಮ ಕೈಯಲ್ಲಿದ್ದ ಬತ್ತಿಯನ್ನು ಹಚ್ಚಿದರು. ಅದು ಕಿಟಕಿಯ ಕುಳಿಯಲ್ಲಿ ಹಿಡಿಸಲಿಲ್ಲ, ಅಷ್ಟು ದಪ್ಪ. ಬುಡಕ್ಕೆ ಮೇಣ ಸುರಿದು ಅಂಟಿಸಿ ನಿಲ್ಲಿಸಿದರು. ಎದುರು ಮನೆಯವರ ಕಿಟಕಿಯಲ್ಲೂ ಬತ್ತಿ ಉರಿಯುತ್ತಿತ್ತು, ಅದರ ಪಕ್ಕದ ಮನೆಯಲ್ಲೂ.

ಇನ್ನೊಂದು ಬತ್ತಿ ಮೇಜಿನ ಮೇಲೆ ಬಿದ್ದ ಜಾಗದಲ್ಲೇ ಇತ್ತು. ಕತ್ತರಿಸಿದವರು ಮಾವ, ಹಾಗಾಗಿ ಅದು ಮಾವನದು. ಅವರು ಅದನ್ನು ಎತ್ತಿ ಬೆರಳಿನಿಂದ ಮೇಲಿಂದ ಕೆಳಗೆ ಸವರಿದರು, ಒರಟು ಎಲ್ಲಾದರೂ ಉಳಿದಿದೆಯೇ ಎಂದು. ಆಮೇಲೆ ಅತ್ತೆಯ ಮಡಿಲಲ್ಲಿ ಇಟ್ಟರು. "ನನಗೆ ಇದನ್ನ ಇಟ್ಕೊಳ್ಳೋಕೆ ಬರಲ್ಲ. ಮಾಡೋಕಷ್ಟೇ ಬರೋದು. ನೀನೇ ನೋಡು" ಎಂದರು.

ಗುಬ್ಬಿ ಅಣ್ಣನ ಕಡೆ ತಿರುಗಿದಳು. "ಪೆಟ್ಟಿಗೆ ಮೇಲಿದೆ" ಎಂದಳು. ಅವನು ಗೋಡೆ ಬಿಟ್ಟು ಮೆಟ್ಟಿಲಿನ ಕಡೆ ಹೊರಟ.

ಅತ್ತೆ ಮಡಿಲಲ್ಲಿದ್ದ ಬತ್ತಿಯನ್ನೇ ನೋಡುತ್ತಿದ್ದರು. ಅವನು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗ, "ಎಲ್ಲಿಗೆ?" ಎಂದರು.

"ಪೆಟ್ಟಿಗೆ ತರೋಕೆ ಅಮ್ಮ" ಎಂದ ಅವನು.

"ಇರಪ್ಪ." ಅತ್ತೆ ಎದ್ದರು. ಗುಬ್ಬಿಯ ಎದುರು ಬಂದು ನಿಂತರು. ಇಬ್ಬರೂ ಎದುರುಬದುರು ನಿಂತದ್ದನ್ನು ನಾನು ಬೇಸಿಗೆಯಿಂದ ಈಚೆಗೆ ನೋಡಿರಲಿಲ್ಲ. "ಇವರನ್ನ ಒಂದು ಮಾತು ಕೇಳಬೇಕು ಅಂತ ನನಗೆ ಹೊಳೀಲಿಲ್ಲ" ಎಂದರು. "ನಿನ್ನನ್ನೂ ಕೇಳಲಿಲ್ಲ. ನೀನು ಹೋಗೋದೇ ನಿನಗೆ ಒಳ್ಳೇದು ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಈಗ ಕೇಳ್ತೀನಿ. ಇದನ್ನ ನಿನ್ನ ಕೋಣೇಲಿ ಇಟ್ಕೋತೀಯಾ? ನಾನು ದಿನಾ ಬಂದು ನೋಡಬಹುದಾ?"

ಗುಬ್ಬಿ ಎರಡೂ ಕೈ ಚಾಚಿದಳು. ಅತ್ತೆ ಬತ್ತಿಯನ್ನು ಆ ಕೈಗಳಲ್ಲಿ ಇಟ್ಟರು, ಇಟ್ಟ ಮೇಲೂ ತಮ್ಮ ಕೈ ತೆಗೆಯಲಿಲ್ಲ.

ಅವಳ ಅಣ್ಣ ಇನ್ನೂ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟುಕೊಂಡು, ಹತ್ತಬೇಕೋ ಇಳಿಯಬೇಕೋ ತಿಳಿಯದೆ ನಿಂತಿದ್ದ. ಗುಬ್ಬಿ ಅತ್ತೆಯ ಭುಜದ ಮೇಲಿಂದ ಅವನನ್ನು ನೋಡಿದಳು.

"ಅಣ್ಣ, ನೀನು ಊಟ ಮಾಡ್ಕೊಂಡು ಹೊರಡು" ಎಂದಳು. "ಅತ್ತಿಗೆ ಕಾಯ್ತಿರ್ತಾಳೆ."